ಲಕೋಟೆಯ ಬೆನ್ನಿನ ಲೆಕ್ಕ

ನಿನ್ನೆ ರಾತ್ರಿ ಹಡಗಿನಿಂದ ಇಳಿದಿದ್ದೇನೆ. ಇವತ್ತೂ ಅಡುಗೆಮನೆಯ ನೆಲ ಮೆಲ್ಲಗೆ ತೂಗುತ್ತಿದೆ. ನನ್ನ ಸಿಟ್ಟು ಮಾತ್ರ ಸಮುದ್ರದ ಮೇಲಲ್ಲ, ನಮ್ಮ ಯಜಮಾನರ ಲೆಕ್ಕದ ಮೇಲೆ.

ದ್ವೀಪದಲ್ಲಿ ಮನೆ ಮಾಡಿದವರಿಗೆ ಈ ಜಗಳ ಇದ್ದದ್ದೇ: ವಿಮಾನವೋ, ಹಡಗು-ರೈಲೋ? ಇವರು ಹಳೇ ಲಕೋಟೆ ತಿರುಗಿಸಿ ಪೆನ್ನು ಹಿಡಿಯುತ್ತಾರೆ. "ವಿಮಾನ ಹಾರೋದು ಒಂದು ಗಂಟೆ, ಸರಿ. ಎರಡು ಗಂಟೆ ಮೊದಲೇ ಅಲ್ಲಿರಬೇಕು. ಏರ್‌ಪೋರ್ಟಿಗೆ ಹೋಗೋಕೆ ಒಂದೂವರೆ. ಬ್ಯಾಗಿಗೆ ಕಾಯೋದು ಮುಕ್ಕಾಲು. ಅಲ್ಲಿಂದ ಊರಿಗೆ ಇನ್ನೊಂದು." ಸೊಂಟದ ಬೆಲ್ಟು ಬಿಚ್ಚಿ ಮತ್ತೆ ಕಟ್ಟಿಕೊಳ್ಳಲು ಐದು ನಿಮಿಷ ಬೇರೆ! ಒಂದು ಗಂಟೆ ಹೀಗೆ ಆರೂಕಾಲು ದಾಟುತ್ತದೆ. ಹಡಗಿನ ಲೆಕ್ಕವೋ? ಬಂದರಿನಲ್ಲಿ ಕಾಯುವುದು 'ವಿಶ್ರಾಂತಿ', ರೈಲು ಬದಲಿಸುವುದು 'ಕಾಲಾಡಿಸೋದು'. ಅವಕ್ಕೆಲ್ಲ ಸಮಯ ಹಿಡಿಯುವುದಿಲ್ಲ.

ವಿಮಾನದ ಪರ ನನಗೂ ಬಾಯಿಲ್ಲ. ಕಳೆದ ಸಲ 150 ಮಿ.ಲೀ. ಟ್ಯೂಬಿನ ತಳದಲ್ಲಿ ಉಳಿದಿದ್ದ ಚೂರು ಕ್ರೀಮು ತಪಾಸಣೆಯಲ್ಲಿ ಕಸದಬುಟ್ಟಿ ಸೇರಿತು. ಒಳಗೆ ಎಷ್ಟಿದ್ದರೇನು, ಮೇಲೆ ಬರೆದದ್ದು 100 ದಾಟಬಾರದಂತೆ.

ಹಾಗಾಗಿ ನಿನ್ನೆ ಹಡಗು. ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 8, ಅಂದರೆ ಬಿರುಗಾಳಿ. ನಾಲ್ಕು ಗಂಟೆ ತಡ. ಬಂದರಿನಲ್ಲಿ 'ವಿಶ್ರಾಂತಿ' ಪಡೆಯುತ್ತಿದ್ದಾಗ ತಲೆಯ ಮೇಲೊಂದು ವಿಮಾನ ಹಾದುಹೋಯಿತು. ಇಬ್ಬರೂ ನೋಡಿದೆವು. ಇಬ್ಬರೂ ಮಾತಾಡಲಿಲ್ಲ.

ಹಡಗು ಹೊರಟದ್ದೇ ಇವರ ಪ್ರವಚನ ಶುರು. "ಕಣ್ಣು 'ಸುಮ್ನೆ ಕೂತಿದೀಯ' ಅನ್ನುತ್ತೆ, ಒಳಕಿವಿ 'ಇಲ್ಲ, ಅಲ್ಲಾಡ್ತಿದೀಯ' ಅನ್ನುತ್ತೆ. ಅದಕ್ಕೇ ಹೊಟ್ಟೆ ತೊಳಸೋದು. ದಿಗಂತ ನೋಡು." ನೋಡಿದೆ. ದಿಗಂತವೇ ಕಿಟಕಿಯಲ್ಲಿ ಉಯ್ಯಾಲೆಯಾಡುತ್ತಿತ್ತು. "ಕೆಳಗಿನ ಡೆಕ್ಕಿನ ನಡುವೆ ಓಲಾಟ ಕಡಿಮೆ." ಗಂಟುಮೂಟೆ ಸಮೇತ ಅಲ್ಲಿಗೂ ಇಳಿದದ್ದಾಯಿತು. "ಇಂಗ್ಲಿಷಿನ ನಾಸಿಯಾ ಇದೆಯಲ್ಲ, ಅದರ ಬೇರು ಗ್ರೀಕಿನ ನೌಸ್. ಹಡಗು ಅಂತ. ನಮ್ಮ ನೌಕೆಗೂ ಅದಕ್ಕೂ..." ಅಷ್ಟಕ್ಕೇ ನಿಂತಿತು. ನಂಟು ಎಂಥದ್ದೆಂದು ಮುಂದಿನ ಎರಡು ಗಂಟೆ ಕಾಗದದ ಚೀಲ ಹಿಡಿದು ಅವರೇ ರುಜುವಾತು ಮಾಡಿದರು. ನಾನು ಬೆನ್ನು ನೀವುತ್ತಾ "ದಿಗಂತ ನೋಡಿ ರೀ" ಅಂದೆ. ಅಂದದ್ದು ಒಂದೇ ಸಲ ಅಲ್ಲ.

ಕತ್ತಲಾದ ಮೇಲೆ ಗಾಳಿ ತಗ್ಗಿತು. ದೂರದಲ್ಲಿ ನಮ್ಮ ದ್ವೀಪದ ದೀಪಸ್ತಂಭ ಒಮ್ಮೆ ಮಿನುಗಿ ಆರಿತು, ಮತ್ತೆ ಮಿನುಗಿತು. ವಿಮಾನದಲ್ಲಾದರೆ ಮನೆ ಬಂದದ್ದು ಚಕ್ರ ನೆಲಕ್ಕೆ ಬಡಿದಾಗಲೇ ಗೊತ್ತಾಗುವುದು. ಇಲ್ಲಿ ಅದು ನಿಧಾನವಾಗಿ, ಒಂದೊಂದೇ ದೀಪ ಹಚ್ಚಿಕೊಂಡು ಎದುರು ಬರುತ್ತದೆ. ಇವರು ಚೀಲ ಕೆಳಗಿಟ್ಟು ನನ್ನ ಪಕ್ಕ ಬಂದು ನಿಂತರು.

ಬೆಳಿಗ್ಗೆ ನೋಡಿದರೆ ಹೊಸ ಲಕೋಟೆ!

"ತಡವಾದ ನಾಲ್ಕು ಗಂಟೆ ಎಲ್ಲಿ ಬರೆದಿರಿ?"

"ವಿಮಾನದ ಖಾತೆಗೆ. ಅಷ್ಟು ಹೊತ್ತೂ ನೀನು ಆಕಾಶ ತಾನೇ ನೋಡ್ತಿದ್ದದ್ದು?"