ನಕ್ಕರೆ ಉದುರುವ ರಾಕ್ಷಸ

ಚಾಮುಂಡಿ ಬೆಟ್ಟದ ಮೇಲಿರುವ ಮಹಿಷಾಸುರ ಪುಣ್ಯವಂತ. ಒಂದು ಕೈಲಿ ಕತ್ತಿ, ಇನ್ನೊಂದು ಕೈಲಿ ಹಾವು ಹಿಡಿದು ನಿಂತಲ್ಲೇ ನಿಂತಿದ್ದಾನೆ. ನಗುವುದಿಲ್ಲ, ಡೈಲಾಗ್ ಹೊಡೆಯುವುದಿಲ್ಲ. ಅಂಥವನಿಗೆ ಯಾವ ಬಣ್ಣ ಬಳಿದರೂ ನಿಲ್ಲುತ್ತದೆ. ನಮ್ಮ ಬಡಾವಣೆಯ ಮಹಿಷಾಸುರ ಹಾಗಲ್ಲ. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಸರ್ವೀಸಿನುದ್ದಕ್ಕೂ ಅದುಮಿಟ್ಟುಕೊಂಡಿದ್ದ ನಗುವನ್ನೆಲ್ಲ ದಸರಾ ನಾಟಕದಲ್ಲೇ ನಕ್ಕು ಮುಗಿಸುತ್ತೇನೆಂದು ಹೊರಟವರು.

ಮುಖವಾಡ ರಬ್ಬರಿನದೇ ಆಗಬೇಕು ಎಂದದ್ದೂ ಅವರೇ. ರಟ್ಟಿನದಾದರೆ ಬಾಯಿ ಆಡುವುದಿಲ್ಲ, ಭಾವ ಕಾಣುವುದಿಲ್ಲ ಅಂತ. ಮಾತೇನೋ ನಿಜ. ಪ್ಲಾಸ್ಟರ್ ಅಚ್ಚಿನೊಳಗೆ ಲೇಟೆಕ್ಸ್, ಅಂದರೆ ರಬ್ಬರ್ ಮರದ ಹಾಲು ಸುರಿದರೆ ಪ್ಲಾಸ್ಟರ್ ನೀರನ್ನು ಹೀರಿಕೊಳ್ಳುತ್ತದೆ, ಒಳಮೈಗೆ ರಬ್ಬರಿನ ಪದರ ಕೂರುತ್ತದೆ. ಮಿಕ್ಕ ಹಾಲನ್ನು ಬಗ್ಗಿಸಿ, ಒಣಗಿದ ಮೇಲೆ ಸುಲಿದು ತೆಗೆದರೆ ಮುಖ ರೆಡಿ.

ಆದರೆ ಹಾಲು? ಕಮಿಟಿಯ ಒಬ್ಬರ ಭಾವನಿಗೆ ಸುಳ್ಯದ ಹತ್ತಿರ ರಬ್ಬರ್ ತೋಟ ಇದೆ. ‘ಮರದಲ್ಲೇ ಸುರೀತಿರುವಾಗ ದುಡ್ಡು ಕೊಟ್ಟು ಯಾಕ್ರೀ ತರಬೇಕು?’ ಎಂದು ರಾತ್ರಿ ಬಸ್ಸಿಗೆ ಕ್ಯಾನ್ ಹಾಕಿಸಿದರು. ಬೆಳಗ್ಗೆ ಮುಚ್ಚಳ ತೆಗೆದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಮರದಿಂದ ಇಳಿಸಿದ ಹಾಲಿಗೆ ಅಮೋನಿಯಾ ಹಾಕದಿದ್ದರೆ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟದೆ ಬಂದಿದ್ದರೂ ಅಷ್ಟೇ. ಗಂಧಕ ಸೇರಿಸಿ ಹದ ಮಾಡದ ಹಸಿ ಹಾಲಿನ ಮುಖವಾಡ ಅಂಟಂಟಾಗಿರುತ್ತದೆ, ಎಳೆದರೆ ಎಳೆದಲ್ಲೇ ನಿಲ್ಲುತ್ತದೆ. ಕೊನೆಗೆ ಅಂಗಡಿಯ ಕ್ಯಾನೇ ಬಂತು. ಭಾವನ ಕ್ಯಾನನ್ನು ಯಾರು ತೊಳೆಯಬೇಕು ಎಂಬ ಚರ್ಚೆ ನಾಟಕ ಮುಗಿಯುವವರೆಗೂ ನಡೆಯಿತು.

ಬಣ್ಣದ ಸರದಿ ಬಂದಾಗ ನೋಡಬೇಕಿತ್ತು. ನಮ್ಮಲ್ಲಿ ಮನೆ ಕಟ್ಟಿಸಿದವರೆಲ್ಲ ಪೇಂಟ್ ತಜ್ಞರೇ. ವೇಷಭೂಷಣದ ಜವಾಬ್ದಾರಿ ನನ್ನದು ಎಂಬುದು ಕರಪತ್ರದಲ್ಲಿ ಮಾತ್ರ ಇತ್ತು. ಕಂಟ್ರಾಕ್ಟರ್ ಒಬ್ಬರು ಮಿಕ್ಕಿದ್ದ ಗೋಡೆ ಎಮಲ್ಷನ್ ಅನ್ನು ಪುಕ್ಕಟೆ ತಂದು ತಾವೇ ಬಳಿದರು. ಒಣಗಿದ ಮೇಲೆ ಚೆನ್ನಾಗಿಯೇ ಕಂಡಿತು, ಗ್ರೂಪಿನಲ್ಲಿ ಫೋಟೋ ಕೂಡ ಬಂತು. ಸಂಜೆ ರಿಹರ್ಸಲ್‌ನಲ್ಲಿ ಮ್ಯಾನೇಜರು ಮೊದಲ ಅಟ್ಟಹಾಸ ಮಾಡಿದರು. ಕೆನ್ನೆ ಪಟಪಟನೆ ಬಿರುಕುಬಿಟ್ಟು, ಹಸಿರು ಚಕ್ಕೆಗಳು ದೇವಿಯ ಆರತಿ ತಟ್ಟೆಯಲ್ಲಿ ಉದುರಿದವು. ಗೋಡೆ ನಗುವುದಿಲ್ಲ, ಅಲ್ವಾ? ಗೋಡೆಯ ಬಣ್ಣಕ್ಕೆ ರಬ್ಬರಿನಷ್ಟು ಹಿಗ್ಗಿ ಅಭ್ಯಾಸವಿಲ್ಲ.

ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಗೇಟಿಗೆ ಬಳಿಯುವ ಎನಾಮಲ್ ಎಣ್ಣೆಬಣ್ಣ ಬಂತು. ‘ಎಷ್ಟು ಮಳೆ ಬಂದರೂ ಜಗ್ಗಲ್ಲ’ ಎಂಬ ಗ್ಯಾರಂಟಿ ಬೇರೆ. ಎಣ್ಣೆ, ಟರ್ಪೆಂಟೈನ್ ಎಂದರೆ ನೈಸರ್ಗಿಕ ರಬ್ಬರಿಗೆ ಆಗುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತದೆ. ಪುಣ್ಯಕ್ಕೆ ಅವರು ಶುರುಮಾಡಿದ್ದು ಕಿವಿಯಿಂದ. ಮರುದಿನ ಬಲಗಿವಿ ಭುಜ ಮುಟ್ಟಲು ಹೊರಟಿತ್ತು. ಬಣ್ಣ ಮಾತ್ರ ಇನ್ನೂ ಒಣಗಿರಲಿಲ್ಲ.

ಕಿರೀಟಕ್ಕೆ ಚಿನ್ನದ ಪುಡಿ ಬಳಿಯುವ ಯೋಜನೆಗೆ ಮಾತ್ರ ಮೇಲಿನ ಮನೆಯ ಕೆಮಿಸ್ಟ್ರಿ ಮೇಡಂ ಅಡ್ಡ ಬಂದರು. ಪೇಟೆಯಲ್ಲಿ ಸಿಗುವ ಆ ಪುಡಿಯಲ್ಲಿರುವುದು ಹೆಚ್ಚಾಗಿ ತಾಮ್ರ ಮತ್ತು ಸತು. ತಾಮ್ರ ತಗುಲಿದರೆ ರಬ್ಬರ್ ಬೇಗ ಹಾಳಾಗುತ್ತದೆ. ‘ಅಭ್ರಕದ ಹೊಳಪು ಇರುವ ಅಕ್ರಿಲಿಕ್ ತನ್ನಿ’ ಎಂದು ಅಪ್ಪಣೆಯಾಯಿತು. ಅವರೆದುರು ಕಮಿಟಿ ಪೂರ್ತಿ ಹತ್ತನೇ ಕ್ಲಾಸಿಗೆ ಇಳಿದಿತ್ತು.

ರಬ್ಬರಿನ ಮೇಲೆ ರಬ್ಬರೇ ನಿಲ್ಲುವುದು. ಅದೇ ಲೇಟೆಕ್ಸ್ ಹಾಲಿಗೆ ಅಕ್ರಿಲಿಕ್ ಬಣ್ಣ ಬೆರೆಸಿ, ಸ್ಪಂಜಿನಿಂದ ತೆಳ್ಳಗೆ ತಟ್ಟುತ್ತಾ ಹೋದರೆ ಬಣ್ಣವೂ ಮುಖದ ಜೊತೆ ಹಿಗ್ಗುತ್ತದೆ. ಕೆಲವು ಬಣ್ಣಗಳು ಬೆರೆಸಿದ ಕೂಡಲೇ ಮುದ್ದೆಯಾಗುತ್ತವೆ. ಹಾಗಾಗಿ ಮೊದಲು ಒಂದು ಚಮಚ ಮಾತ್ರ ಕಲಸಿ ನೋಡಬೇಕು. ಇನ್ನೊಂದು ತಮಾಷೆ ಇದೆ. ಹಸಿ ಹಾಲು ಬೆಳ್ಳಗಿರುತ್ತದೆ, ಒಣಗಿದರೆ ಆ ಬಿಳುಪು ಹೋಗಿ ಬಣ್ಣ ಗಾಢವಾಗುತ್ತದೆ. ಬಟ್ಟಲಲ್ಲಿ ನಿರ್ದೇಶಕರು ಮೆಚ್ಚಿದ ಗುಲಾಬಿ ನಾಲಿಗೆ ಬೆಳಗಾಗುವಾಗ ಮಟನ್ ಅಂಗಡಿಯ ಲಿವರ್ ಆಗಿತ್ತು. ‘ರಾಕ್ಷಸ ಅಲ್ವಾ, ಇರಲಿ ಬಿಡಿ’ ಎಂದರು.

ಸಿನಿಮಾದವರ ದಾರಿ ಬೇರೆ. ಅಮೆರಿಕದ ಮೇಕಪ್ ಕಲಾವಿದ ಡಿಕ್ ಸ್ಮಿತ್ ರೂಢಿಗೆ ತಂದ ಪ್ಯಾಕ್ಸ್ ಎಂಬ ಮಿಶ್ರಣದಲ್ಲಿ ಹಾಲಿನ ಬದಲು ಪ್ರಾಸ್-ಏಡ್ ಎಂಬ ಅಂಟಿಗೆ ಅಕ್ರಿಲಿಕ್ ಬೆರೆಸುತ್ತಾರೆ. ಅದು ಚೆನ್ನಾಗಿ ಬಗ್ಗುತ್ತದಂತೆ. ಆ ಅಂಟಿನ ಬೆಲೆ ಕೇಳಿ ಖಜಾಂಚಿಗಳು ಚಹಾ ಕುಡಿಯಲು ಎದ್ದು ಹೋದರು.

ಉಳಿದದ್ದು ಮೇಲಿನ ಲೇಪನ. ಫರ್ನಿಚರ್ ವಾರ್ನಿಷ್ ಸ್ಪ್ರೇ ಹಿಡಿದುಕೊಂಡು ಒಬ್ಬರು ತಯಾರಾಗಿ ನಿಂತಿದ್ದರು. ಗಟ್ಟಿ ವಾರ್ನಿಷ್ ಕೂಡ ಕುತ್ತಿಗೆ ತಿರುಗಿಸಿದ ಕಡೆಯೆಲ್ಲ ಒಡೆಯುತ್ತದೆ, ಮೇಲೆ ಲೈಟಿಗೆ ಫಳಫಳ ಹೊಳೆಯುತ್ತದೆ. ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ. ಲೇಟೆಕ್ಸಿಗೆ ಲೇಟೆಕ್ಸ್ ಕಂಡರೆ ವಿಪರೀತ ಪ್ರೀತಿ. ಯಾರೋ ಮಡಚಿ ಚೀಲದಲ್ಲಿಟ್ಟಿದ್ದರಿಂದ ಎರಡು ಕೆನ್ನೆಗಳೂ ಒಂದಕ್ಕೊಂದು ಅಂಟಿ, ಬಿಡಿಸಲು ಇಬ್ಬರು ಎಳೆಯಬೇಕಾಯಿತು. ಮದ್ದು ಬಹಳ ಸರಳ: ಪೌಡರ್. ಮುಖದ ತುಂಬ ಪೂಸಿ, ಬ್ರಷ್‌ನಿಂದ ಕೊಡವಿದರೆ ಅಂಟೂ ಹೋಗುತ್ತದೆ, ಹೊಳಪೂ ಇಳಿಯುತ್ತದೆ.

ಪಕ್ಕದ ಮೆಡಿಕಲ್ ಶಾಪಿನಲ್ಲಿ ಸಿಕ್ಕಿದ್ದು ಮಕ್ಕಳ ಪೌಡರ್. ನಾಟಕದ ದಿನ ಬಣ್ಣ ಒಂದು ಚೂರೂ ಉದುರಲಿಲ್ಲ. ಮ್ಯಾನೇಜರು ಮನಸಾರೆ ನಕ್ಕರು. ಆದರೆ ಮೂರು ಲೋಕ ನಡುಗಿಸುವ ರಾಕ್ಷಸನಿಂದ ಆಗಷ್ಟೇ ಸ್ನಾನ ಮಾಡಿಸಿದ ಮಗುವಿನ ಘಮ ಬರುತ್ತಿತ್ತು. ಮುಂದಿನ ಸಾಲಿನ ಪುಟ್ಟ ಮಕ್ಕಳು ಹೆದರುವುದು ಬಿಟ್ಟು ವೇದಿಕೆ ಹತ್ತಿದವು. ತ್ರಿಶೂಲ ಎತ್ತಿದ ದೇವಿಗೆ ಕೋಪವೇ ಬರಲಿಲ್ಲ, ನಗುತ್ತಲೇ ಚುಚ್ಚಿದರು.

ಲೆಕ್ಕ ಒಪ್ಪಿಸುವಾಗ ನಾನು ‘ಮಹಿಷಾಸುರನಿಗೆ ಬೇಬಿ ಪೌಡರ್’ ಎಂದು ಚೀಟಿ ಬರೆದುಕೊಟ್ಟೆ. ಖಜಾಂಚಿಗಳು ಕನ್ನಡಕ ಏರಿಸಿ, ಇಳಿಸಿ, ‘ಇದನ್ನ ಆಡಿಟರ್‌ಗೆ ನೀವೇ ಹೇಳಿ’ ಎಂದು ವಾಪಸ್ ಕೊಟ್ಟರು.