ಸೊಳ್ಳೆ ಪರದೆ ಹೊತ್ತು ಹಿನ್ನೀರಿಗೆ ಇಳಿಯುವವರನ್ನು ಕೇಳುವವರು ಯಾರೂ ಇಲ್ಲವೇ?

ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಹಿನ್ನೀರಿನಲ್ಲಿ ಗಾಳ ಹಾಕಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಳೆಗಾಲದ ರಾಡಿ ಇಳಿದು ನೀರು ತಿಳಿಯಾಗುತ್ತಿದೆ. ದಂಡೆಯ ಹೊಲಗಳಲ್ಲಿ ಸೋಯಾ ಹಳದಿಗೆ ತಿರುಗಿದೆ. ಮುಳುಗಿದ ಹುಲ್ಲಿನ ಮೇಲೆ ಮೊಣಕಾಲುದ್ದ ನೀರು ನಿಂತಿದೆ. ಮೀನುಮರಿಗಳು ಬೆಳೆಯುವುದು ಈ ಆಳವಿಲ್ಲದ ನೀರಿನಲ್ಲೇ. ಭಾನುವಾರ ಬಂತೆಂದರೆ ಸೊಳ್ಳೆ ಪರದೆಯನ್ನು ಹೊಲಿದು ಮಾಡಿದ ಬಲೆ ಹಿಡಿದುಕೊಂಡು ಗುಂಪು ಗುಂಪಾಗಿ ಜನ ಬಂದಿಳಿಯುವುದೂ ಇಲ್ಲಿಗೇ!

ಕೊರವ ಮೀನನ್ನು ಹತ್ತಿರದಿಂದ ನೋಡಿದವರಿಗೆ ನನ್ನ ಹೊಟ್ಟೆಯುರಿ ಅರ್ಥವಾದೀತು. ಗಂಡು ಹೆಣ್ಣು ಸೇರಿ ಹುಲ್ಲು ಸರಿಸಿ ಜಾಗ ಮಾಡಿಕೊಳ್ಳುತ್ತವೆ, ತೇಲುವ ಮೊಟ್ಟೆಗಳನ್ನು ಕಾಯುತ್ತವೆ, ಮರಿಯಾದ ಮೇಲೂ ಬಿಟ್ಟು ಹೋಗುವುದಿಲ್ಲ. ಕೆಂಪು ಕಿತ್ತಳೆ ಬಣ್ಣದ ಸಾವಿರಾರು ಮರಿಗಳು ಒಂದೇ ಮುದ್ದೆಯಾಗಿ ಉಸಿರಾಡಲು ಮೇಲೆ ಬರುತ್ತವೆ. ನೀರು ಅಲ್ಲಿ ಕುದಿಯುವಂತೆ ಕಾಣುತ್ತದೆ. ಕೆಳಗೆ ತಂದೆತಾಯಿ ಕಾವಲು. ಹತ್ತಿರ ಬಂದದ್ದು ಕಪ್ಪೆಯಾಗಲಿ ಗಾಳವಾಗಲಿ, ಮೇಲೆ ಬಿದ್ದು ಕಚ್ಚುತ್ತವೆ. ಹಾಗಾಗಿಯೇ ಆ ದಿನಗಳಲ್ಲಿ ಅವುಗಳನ್ನು ಹಿಡಿಯುವುದು ಅತ್ಯಂತ ಸುಲಭ, ಹಿಡಿಯುವುದು ಅತ್ಯಂತ ನೀಚ ಕೆಲಸ. ದೊಡ್ಡದನ್ನು ಎಳೆದು ಹಾಕಿದರೆ ಮರಿಗಳು ಬೇರೆ ಮೀನುಗಳ, ಕೊಕ್ಕರೆಗಳ ಪಾಲು. ಈ ಜನ ಅಷ್ಟಕ್ಕೇ ಬಿಡುವುದಿಲ್ಲ. ಮೊದಲು ಪರದೆ ಬೀಸಿ ಮರಿಗಳನ್ನು ಬಾಚಿಕೊಳ್ಳುತ್ತಾರೆ, ಆಮೇಲೆ ಹುಡುಕಿಕೊಂಡು ಬರುವ ತಾಯಿಯನ್ನೂ ಹಿಡಿಯುತ್ತಾರೆ.

ಕಾಟ್ಲಾ, ರೋಹು ಮೀನುಗಳ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. ಹರಿಯುವ ಪ್ರವಾಹದ ನೀರಿಲ್ಲದೆ ಅವು ಮೊಟ್ಟೆಯಿಡುವುದಿಲ್ಲ, ನಿಂತ ನೀರಿನಲ್ಲಿ ಸಂತತಿ ಬೆಳೆಯುವುದಿಲ್ಲ. ಅದಕ್ಕೇ ಮರಿಗಳನ್ನು ಕೇಂದ್ರಗಳಲ್ಲಿ ಬೆಳೆಸಿ ತಂದು ಜಲಾಶಯಗಳಿಗೆ ಬಿಡುವುದು. ಬೆರಳುದ್ದದ ಆ ಮರಿಯನ್ನು ಒಂದು ವರ್ಷ ಬಿಟ್ಟರೆ ಸುಮಾರು ಒಂದು ಕಿಲೋ ತೂಗುತ್ತದೆ. ಬಿಡುವವರಾರು? ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಮಾರುತ್ತಾರೆ. ಕೊಳ್ಳುವವರೂ ಇದ್ದಾರೆ, ಗರಿಗರಿಯಾಗಿ ಹುರಿದು ತಿನ್ನಲು. ಪರವಾನಗಿಗೆ ದುಡ್ಡು ಕಟ್ಟಿ ಬಲೆ ಹಾಕುವ ಮೀನುಗಾರ ಕುಟುಂಬಗಳ ಮುಂದಿನ ವರ್ಷದ ಅನ್ನ ಅದು!

ಕೇಳಿದರೆ ಇಪ್ಪತ್ತು ದಾಟದ ಹುಡುಗ ನನಗೇ ಬುದ್ಧಿ ಹೇಳುತ್ತಾನೆ: "ಕಾಕಾ, ನಾವು ಬಿಟ್ಟರೆ ಇನ್ನೊಬ್ಬರು ಹಿಡಿಯುತ್ತಾರೆ. ನೀವೂ ಹಿಡಿಯುವವರೇ ತಾನೆ?" ಹೌದಪ್ಪಾ, ನಾನೂ ಹಿಡಿಯುತ್ತೇನೆ. ಒಂದು ಕೋಲು, ಒಂದು ಗಾಳ, ಎರೆಹುಳು. ಸಣ್ಣದು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಡುತ್ತೇನೆ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಬ್ಯಾಟರಿ ತರುವವರ ಬಗ್ಗೆ ಬರೆಯಲು ಕೈ ನಡುಗುತ್ತದೆ. ನೀರಿಗೆ ಕರೆಂಟ್ ಹರಿಸುತ್ತಾರೆ. ಮೈ ಉದ್ದವಿದ್ದಷ್ಟೂ ಹೊಡೆತ ಹೆಚ್ಚು. ಮೊಟ್ಟೆಯಿಡುವ ದೊಡ್ಡ ಮೀನುಗಳೇ ಮೊದಲು ತೇಲುತ್ತವೆ. ತಪ್ಪಿಸಿಕೊಂಡವುಗಳಲ್ಲೂ ಎಷ್ಟೋ ಬೆನ್ನುಮೂಳೆ ಮುರಿದುಕೊಂಡು ಸೊಟ್ಟಗೆ ಈಜುತ್ತಿರುತ್ತವೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ, ಮಂಗಳೂರಿನ ದೋಣಿಗಳೆಲ್ಲ ದಡದಲ್ಲಿ ಕಾಯುತ್ತವೆ, ಮೀನು ಮರಿ ಮಾಡಲಿ ಎಂದು. ಕಡಲಿಗೆ ಇರುವ ಮರ್ಯಾದೆ ನಮ್ಮ ಹಿನ್ನೀರಿಗೆ ಯಾಕಿಲ್ಲ? ಕಾನೂನಿಗೇನೂ ಬರವಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿದೆ. ಒಳನಾಡು ಮೀನುಗಾರಿಕೆಗೆಂದೇ 1996ರ ರಾಜ್ಯ ಕಾಯ್ದೆಯೂ ಇದೆ. ದಂಡೆಗೆ ಬಂದು ನೋಡುವ ಒಬ್ಬ ಮನುಷ್ಯ ಮಾತ್ರ ಇಲ್ಲ.

ಮೀನುಗಾರಿಕೆ ಇಲಾಖೆಯ ಕಚೇರಿಗೆ ಫೋನ್ ಮಾಡಿದೆ. ಭಾನುವಾರ ಯಾರೂ ಎತ್ತಲಿಲ್ಲ. ಸೋಮವಾರ ಎತ್ತಿದವರು ಸಾವಧಾನವಾಗಿ, "ಲಿಖಿತ ದೂರು ಕೊಡಿ ಸರ್, ಯಾರು ಹಿಡಿಯುತ್ತಿದ್ದರು ಅವರ ಹೆಸರು ಬರೆಯಿರಿ" ಎಂದರು. ಪರದೆ ಬೀಸುವವರು ಹೆಸರು ಹೇಳಿ ಬೀಸುತ್ತಾರೆಯೇ? ದೂರು ಬರೆದಿದ್ದೇನೆ. ಪರದೆಯ ಫೋಟೋ, ಬ್ಯಾಟರಿಯ ಫೋಟೋ, ಗುಡ್ಡೆ ಹಾಕಿ ಮಾರುತ್ತಿದ್ದ ಮರಿಗಳ ಫೋಟೋ ಲಗತ್ತಿಸಿ ಕೊಡುತ್ತೇನೆ, ಸ್ವೀಕೃತಿಯ ಮುದ್ರೆ ಒತ್ತಿಸಿಕೊಳ್ಳದೆ ಅಲ್ಲಿಂದ ಏಳುವುದಿಲ್ಲ. ಹಿನ್ನೀರಿನ ಊರುಗಳವರು ಯಾರಾದರೂ ಜೊತೆಗೆ ಸಹಿ ಹಾಕುವುದಾದರೆ ಬನ್ನಿ.