ಬಣ್ಣ ನೋಡಿ ಹವಳದ ಜಾತಿ ಹೇಳಕ್ಕಾಗಲ್ಲ

ಟ್ಯಾಂಕಲ್ಲಿ ಹವಳ ಸಾಕೋದರ ಬಗ್ಗೆ ನೀವು ಬರೆದ ಲೇಖನದಲ್ಲಿ ಬೇರೆದೆಲ್ಲಾ ಹೆಚ್ಚುಕಮ್ಮಿ ಸರಿ, ಆದ್ರೆ "ಕಲ್ಲು ಹವಳ ಯಾವ್ದು ಅಂತ ಬಣ್ಣದಿಂದಲೇ ಗುರುತಿಸಬಹುದು" ಅಂದಿದ್ದೀರಲ್ಲ, ಅದನ್ನ ಒಪ್ಪೋಕೆ ಆಗಲ್ಲ. ಟ್ಯಾಂಕಲ್ಲಿ ಲೈಟ್ ಸಾಲದೇ ಹೋದ್ರೆ ಅಥವಾ ನೈಟ್ರೇಟ್ ಏರಿದ್ರೆ ಹವಳದ ಒಳಗಿರೋ ಪಾಚಿ ಜಾಸ್ತಿಯಾಗಿ ನೀಲಿ ಇದ್ದಿದ್ದು ಕಂದು ಆಗ್ಬಿಡುತ್ತೆ, ಹಾಗಂತ ಜಾತಿ ಬದಲಾಯ್ತಾ? ನೋಡ್ಬೇಕಾಗಿರೋದು ಅಸ್ಥಿಪಂಜರ ಮತ್ತೆ ಪಾಲಿಪ್, ಅಂದ್ರೆ ಹವಳದ ಮೇಲಿರೋ ಒಂದೊಂದು ಪುಟ್ಟ ಜೀವಿ. ಕೊಂಬೆಯ ತುದೀಲಿ ಕೊಳವೆ ಥರ ಒಂದು ದೊಡ್ಡ ಪಾಲಿಪ್ ಗೂಡು ಕಂಡ್ರೆ ಅದು ಅಕ್ರೋಪೊರಾ ಅನ್ನೋ ಹವಳ, ಮಾಂಟಿಪೊರಾ ಅನ್ನೋ ಹವಳಕ್ಕೆ ಅಂಥ ಗೂಡು ಇರೋದೇ ಇಲ್ಲ. ಗೋನಿಯೋಪೊರಾ, ಆಲ್ವಿಯೋಪೊರಾ ಎರಡೂ ದೂರದಿಂದ ಹೂಗೊಂಚಲಿನ ಥರಾನೇ ಕಾಣುತ್ತೆ, ಪೂರ್ತಿ ಅರಳಿದಾಗ ಗಾಜಿನ ಹತ್ರ ಹೋಗಿ ಒಂದೇ ಪಾಲಿಪ್ ಮೇಲೆ ಕಣ್ಣಿಟ್ಟು ಅದರ ಬೆರಳಿನಂಥ ಎಳೆಗಳನ್ನ ಎಣಿಸಿ, 24 ಇದ್ರೆ ಗೋನಿಯೋಪೊರಾ, 12 ಇದ್ರೆ ಆಲ್ವಿಯೋಪೊರಾ, ಅಷ್ಟೇ.

ಇದು ಬರೀ ಹೆಸರಿನ ವಿಷ್ಯ ಅಲ್ಲ ಸರ್. ಗ್ಯಾಲಾಕ್ಸಿಯಾ ಅನ್ನೋ ಹವಳದ ಹಸಿರು ಬಣ್ಣ ನೋಡಿ ಇನ್ನೇನೋ ಅಂದ್ಕೊಂಡು ಬೇರೆ ಹವಳದ ಪಕ್ಕ ಇಟ್ರೆ ಅದು ಉದ್ದುದ್ದ ಎಳೆ ಚಾಚಿ ಪಕ್ಕದ್ದನ್ನ ಸುಟ್ಟು ಹಾಕುತ್ತೆ.

ಅಲ್ಕಲಿನಿಟಿ (ನೀರಿನ ಆಮ್ಲ ತಡೆಯೋ ಶಕ್ತಿ) 7ರಿಂದ 11 ಡಿಕೆಎಚ್ (ಅದನ್ನ ಅಳೆಯೋ ಮಾನ) ಒಳಗೆ ಇದ್ರೆ ಸಾಕು ಅಂತ ಲೇಖನದಲ್ಲಿ ಅಂದಿರೋದೂ ಅರ್ಧ ಮಾತು, 8 ಅಂದ್ರೆ ದಿನಾ 8ರ ಆಸುಪಾಸಲ್ಲೇ ಇರ್ಬೇಕು. ಒಂದೇ ದಿನದಲ್ಲಿ 7ರಿಂದ 10ಕ್ಕೆ ಏರಿಸಿದ್ರೆ ನಿಮ್ಮ ಲೆಕ್ಕದಲ್ಲಿ ಎಲ್ಲಾ ಸರಿ ಇದೆ, ಆದ್ರೆ ಅಕ್ರೋಪೊರಾದ ಚರ್ಮ ಸುಲಿದು ಬಿಳಿ ಕಲ್ಲು ಕಾಣೋಕೆ ಶುರುವಾಗ್ಬಹುದು, ದಯವಿಟ್ಟು ಆ ಸಾಲು ತಿದ್ದಿ.